ತುಂಬಿದ ಮಾರಿಕಣಿವೆ ತಡೆಯುತ್ತಾ? ಈ ಲೆಕ್ಕ ಹಾಕುವುದು ಹೇಗೆ

2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅದಕ್ಕೂ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ನಡುವೆ 89 ವರ್ಷ. ಹಿರಿಯೂರು ಕಡೆಯವರು ಮಾರಿಕಣಿವೆ ಅಂತಲೇ ಕರೆಯುವ ಈ ಅಣೆಕಟ್ಟು ತುಂಬಿದ್ದನ್ನು ಕಣ್ಣಾರೆ ಕಂಡಿದ್ದವರು ಆಗ ಊರಿಗೊಬ್ಬರೂ ಉಳಿದಿರಲಿಲ್ಲ ಅನ್ನಿ. 2025ರ ಜನವರಿಯಲ್ಲಿ ಮತ್ತೆ ತುಂಬಿ 130 ಅಡಿ ಮುಟ್ಟಿತು. ಚಿತ್ರದುರ್ಗ, ದಾವಣಗೆರೆ, ತುಮಕೂರು ಕಡೆಯಿಂದ ಜನ ಬಸ್ಸು, ಬೈಕು, ಟ್ರ್ಯಾಕ್ಟರ್ ಹತ್ತಿ ನೋಡಲು ಬಂದರು.

ನೀರು ನೋಡಿ ಖುಷಿಪಟ್ಟವರ ಬಾಯಲ್ಲೇ ಇನ್ನೊಂದು ಮಾತೂ ಬರುತ್ತಿತ್ತು. 1907ರಲ್ಲಿ ಕೆಲಸ ಮುಗಿದ ಕಟ್ಟೆ. ಕಲ್ಲು, ಗಾರೆ ಬಿಟ್ಟರೆ ಒಳಗೆ ಕಬ್ಬಿಣದ ಸರಳಿಲ್ಲ. ಇಷ್ಟು ನೀರು ತಡೆಯುತ್ತಾ?

ಎಂಜಿನಿಯರುಗಳು ಇಂಥ ಪ್ರಶ್ನೆಗೆ ಉತ್ತರ ಹುಡುಕುವಾಗ ಇವತ್ತು ಬಹುತೇಕ ಒಂದೇ ಸಾಧನ ಹಿಡಿಯುತ್ತಾರೆ. ಅದರ ಹೆಸರು ಫೈನೈಟ್ ಎಲಿಮೆಂಟ್ ವಿಧಾನ, ಚಿಕ್ಕದಾಗಿ ಎಫ್‌ಇಎಂ. ದಾವಣಗೆರೆಯ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಓದುವ ಹುಡುಗರನ್ನು ಕೇಳಿ ನೋಡಿ, ಪರೀಕ್ಷೆ ನೆನಪಾಗಿ ಮುಖ ಸಿಂಡರಿಸುತ್ತಾರೆ. ಆದರೆ ಒಳಗಿನ ವಿಚಾರ ಅಷ್ಟೇನೂ ಕಷ್ಟದ್ದಲ್ಲ. ಕೂಡಿಸೋದು, ಕಳೆಯೋದು, ಗುಣಿಸೋದು ಬಂದರೆ ಸಾಕು.

ತುಂಬಿರುವುದು ಬೇರೆ, ತುಂಬುವುದು ಬೇರೆ

ಮೊದಲು ಸುಲಭದ ಲೆಕ್ಕ. ನೀರು ಆಳವಾದಷ್ಟೂ ಒತ್ತಡ ಹೆಚ್ಚು. ಲೆಕ್ಕದ ಅನುಕೂಲಕ್ಕೆ ಕಟ್ಟೆಯ ಮುಂದೆ ನೀರಿನ ಆಳವೇ 130 ಅಡಿ, ಅಂದರೆ ಸುಮಾರು 39.6 ಮೀಟರ್ ಅಂತ ಇಟ್ಟುಕೊಳ್ಳೋಣ. ತಳದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 40 ಟನ್ ಒತ್ತಡ ಬೀಳುತ್ತದೆ. ಮೇಲಿಂದ ಕೆಳಗಿನವರೆಗೆ ಎಲ್ಲ ಕೂಡಿಸಿದರೆ, ಕಟ್ಟೆಯ ಒಂದೊಂದು ಮೀಟರ್ ಉದ್ದವನ್ನೂ ನೀರು ಸುಮಾರು 780 ಟನ್ ಬಲದಿಂದ ತಳ್ಳುತ್ತಿರುತ್ತದೆ.

100 ಅಡಿ ನೀರಿದ್ದಾಗ ಈ ತಳ್ಳುವ ಬಲ ಸುಮಾರು 465 ಟನ್. ನೀರು ಏರಿದ್ದು ನೂರಕ್ಕೆ 30ರಷ್ಟು, ಬಲ ಏರಿದ್ದು ನೂರಕ್ಕೆ 69ರಷ್ಟು. ಕಟ್ಟೆಯನ್ನು ಹಿಂದಕ್ಕೆ ಮಗುಚಿ ಹಾಕುವ ಶಕ್ತಿಯಂತೂ ಎರಡು ಪಟ್ಟು ದಾಟುತ್ತದೆ. ಆಳದ ಮೂರನೇ ಘಾತಕ್ಕೆ ತಕ್ಕಂತೆ ಅದು ಏರುವುದರಿಂದ ಕೊನೆಯ 30 ಅಡಿ ಅಷ್ಟು ಭಾರಿ. ಇದನ್ನು ತಡೆಯುವುದು ಕಟ್ಟೆಯ ಸ್ವಂತ ತೂಕ. ಇದು ಭಾರದಿಂದ ನಿಂತಿರುವ ಕಟ್ಟೆ. ಕಟ್ಟಿದವರು ಕೈಯಲ್ಲೇ ಈ ಲೆಕ್ಕ ಹಾಕಿ ದಪ್ಪ ನಿರ್ಧರಿಸಿದ್ದರು. ಆ ಲೆಕ್ಕಕ್ಕೆ ಕಂಪ್ಯೂಟರ್ ಬೇಕಾಗಿಲ್ಲ.

ಆದರೆ ಆ ಲೆಕ್ಕದಲ್ಲಿ ಗಡಿಯಾರವೇ ಇಲ್ಲ. ನೀರು 130 ಅಡಿಗೆ ಬಂದು ನಿಂತಿದೆ, ಎಲ್ಲವೂ ತಣ್ಣಗೆ ಕೂತಿದೆ ಅಂತ ಅದು ಎಣಿಸುತ್ತದೆ. ನಿಜದಲ್ಲಿ ಯಾವುದೂ ಸುಮ್ನೆ ಕೂತಿರೋದಿಲ್ಲ. ನೀರು ಏರುತ್ತಿರುತ್ತದೆ, ಇಳಿಯುತ್ತಿರುತ್ತದೆ. ಬಿಸಿಲು ಬೀಳುತ್ತದೆ, ರಾತ್ರಿ ಆರುತ್ತದೆ. ಕಲ್ಲಿನ ಸಂದಿಯಲ್ಲಿ ತೇವ ನಿಧಾನಕ್ಕೆ ಮುಂದೆ ಸಾಗುತ್ತದೆ. ಎಲ್ಲೋ ಒಮ್ಮೆ ನೆಲ ನಡುಗುತ್ತದೆ.

ಹೀಗೆ ಹೊತ್ತಿಗೆ ತಕ್ಕಂತೆ ಬದಲಾಗುವ ಸಂಗತಿಗಳ ಲೆಕ್ಕವನ್ನು ಎಂಜಿನಿಯರುಗಳು ಟ್ರಾನ್ಸಿಯೆಂಟ್ ಅನಾಲಿಸಿಸ್ ಅನ್ನುತ್ತಾರೆ. ಇದರಲ್ಲಿ ಹಿಂದೆ ನಡೆದದ್ದೂ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದಲ್ಲಿ ಏರುತ್ತಾ 120 ಅಡಿಗೆ ಬಂದ ಕಟ್ಟೆಯೂ, ಬೇಸಿಗೆಯಲ್ಲಿ ಇಳಿಯುತ್ತಾ 120 ಅಡಿಗೆ ಬಂದ ಕಟ್ಟೆಯೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಒಳಗೆ ಎರಡರ ಸ್ಥಿತಿ ಬೇರೆ. ಏರುವಾಗ ಒಳಗಿನ ನೀರಿನ ಒತ್ತಡ ಇನ್ನೂ ಹಿಂದೆ ಉಳಿದಿರುತ್ತದೆ. ಇಳಿಯುವಾಗ ಹೊರಗಿನ ನೀರು ಹೋದರೂ ಒಳಗಿನ ಒತ್ತಡ ಸ್ವಲ್ಪ ಕಾಲ ಹಾಗೇ ಇರುತ್ತದೆ. ಅದಕ್ಕೇ ಎಷ್ಟು ನೀರಿದೆ ಅಂತ ಕೇಳಿದರೆ ಸಾಲದು. ಎಷ್ಟು ಬೇಗ ಏರಿತು, ಎಷ್ಟು ದಿನ ನಿಂತಿತು, ಅದಕ್ಕೂ ಮುಂಚೆ ಎಷ್ಟು ವರ್ಷ ಒಣಗಿತ್ತು ಅಂತಲೂ ಕೇಳಬೇಕು.

ಚೂರು ಮಾಡಿ, ಆಮೇಲೆ ಜೋಡಿಸಿ

ಇಡೀ ಅಣೆಕಟ್ಟಿನ ಮೂಲೆ ಮೂಲೆಯಲ್ಲಿ ಏನಾಗುತ್ತಿದೆ ಅಂತ ಹೇಳುವ ಒಂದೇ ಸೂತ್ರ ಇಲ್ಲ. ಆಕಾರ ಸೊಟ್ಟ, ಕೆಳಗಿನ ಬಂಡೆ ಒಂದೇ ಸಮ ಇಲ್ಲ, ಬಿಸಿಲು ಒಂದೇ ಕಡೆ. ಅದಕ್ಕೆ ಎಫ್‌ಇಎಂ ಒಂದು ದಾರಿ ಹಿಡಿಯುತ್ತದೆ. ಕಟ್ಟೆಯ ಚಿತ್ರವನ್ನು ಸಾವಿರಾರು ಚಿಕ್ಕ ತುಂಡು ಮಾಡುತ್ತದೆ. ತ್ರಿಕೋನ, ಚೌಕ, ಇಟ್ಟಿಗೆ, ಹೀಗೆ ಸರಳ ಆಕಾರ. ಒಂದೊಂದು ತುಂಡೇ ಒಂದು ಎಲಿಮೆಂಟ್. ತುಂಡುಗಳು ಕೂಡುವ ಮೂಲೆಗಳಿಗೆ ನೋಡ್ ಅನ್ನುತ್ತಾರೆ. ಎಲ್ಲ ಸೇರಿ ಆದ ಬಲೆ ಮೆಶ್.

ಒಂದು ಚಿಕ್ಕ ತುಂಡಿನ ನಡವಳಿಕೆ ಹೇಳುವುದು ಸುಲಭ. ಇಷ್ಟು ಒತ್ತಿದರೆ ಇಷ್ಟು ಕುಗ್ಗುತ್ತದೆ, ಇಷ್ಟು ಕಾಯಿಸಿದರೆ ಇಷ್ಟು ಹಿಗ್ಗುತ್ತದೆ. ಕಲ್ಲಿನ ಗುಣ ಗೊತ್ತಿದ್ದರೆ ಮುಗಿಯಿತು. ಕಷ್ಟ ಇರುವುದು ಜೋಡಣೆಯಲ್ಲಿ.

ಮನೆಗೆ ಮೋಲ್ಡ್ ಹಾಕುವ ದಿನ ನೋಡಿದ್ದೀರಲ್ವಾ? ಮಿಕ್ಸರ್ ಪಕ್ಕದಿಂದ ಮೇಲಿನ ತನಕ ಆಳುಗಳು ಸಾಲಾಗಿ ನಿಂತಿರುತ್ತಾರೆ. ಕಾಂಕ್ರೀಟ್ ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ದಾಟುತ್ತದೆ. ನಡುವೆ ನಿಂತವನಿಗೆ ಮಿಕ್ಸರ್ ಕಾಣುವುದಿಲ್ಲ, ಮೇಲಿನ ಮೇಸ್ತ್ರಿಯೂ ಕಾಣುವುದಿಲ್ಲ. ಅವನಿಗೆ ಗೊತ್ತಿರುವುದು ಇಬ್ಬರೇ: ಕೊಡುವವನು, ತೆಗೆದುಕೊಳ್ಳುವವನು. ಆದರೂ ಸಂಜೆಯೊಳಗೆ ಪೂರಾ ಮೋಲ್ಡ್ ಬೀಳುತ್ತದೆ. ಎಲಿಮೆಂಟ್‌ಗಳೂ ಹಾಗೆಯೇ. ಪ್ರತಿ ತುಂಡೂ ಪಕ್ಕದ ತುಂಡಿನ ಜೊತೆ ಮಾತ್ರ ವ್ಯವಹಾರ ಮಾಡುತ್ತದೆ. ನೋಡ್‌ನಲ್ಲಿ ಇಬ್ಬರೂ ಒಂದೇ ಕಡೆ ಇರಬೇಕು, ಒಬ್ಬ ಕೊಟ್ಟ ಬಲ ಇನ್ನೊಬ್ಬ ತೆಗೆದುಕೊಳ್ಳಬೇಕು. ಈ ಎರಡೇ ಷರತ್ತನ್ನು ಎಲ್ಲ ನೋಡ್‌ಗಳಿಗೂ ಬರೆದರೆ ಸಾವಿರಾರು ಸಮೀಕರಣಗಳಾಗುತ್ತವೆ. ಅವನ್ನು ಕಂಪ್ಯೂಟರ್ ಬಿಡಿಸುತ್ತದೆ.

ತುಂಡು ಎಲ್ಲ ಕಡೆ ಒಂದೇ ಅಳತೆ ಇರಬೇಕಿಲ್ಲ. ಕಟ್ಟೆಯ ಹೊಟ್ಟೆಯಲ್ಲಿ ದೊಡ್ಡ ತುಂಡು ಸಾಕು. ನೀರಿನ ಕಡೆಯ ಬುಡ, ಇಳಿಜಾರು ಬದಲಾಗುವ ಜಾಗ, ತೂಬಿನ ಬಾಯಿ, ಇಂಥ ಕಡೆ ಬಲ ಒತ್ತೊತ್ತಾಗಿ ಸೇರುತ್ತದೆ. ಅಲ್ಲಿ ತುಂಡು ಸಣ್ಣದಾಗಬೇಕು. ಎಲ್ಲಿ ಸಣ್ಣ, ಎಲ್ಲಿ ದೊಡ್ಡ ಅಂತ ತೀರ್ಮಾನಿಸುವುದರಲ್ಲೇ ಎಂಜಿನಿಯರಿನ ಕೈಗುಣ ಗೊತ್ತಾಗುತ್ತದೆ.

ತ್ರಿಕೋನಗಳಾಗಿ ಒಡೆದು ಲೆಕ್ಕ ಹಾಕುವ ಯೋಚನೆಯನ್ನು ಗಣಿತಜ್ಞ ರಿಚರ್ಡ್ ಕೂರಂಟ್ 1943ರಲ್ಲೇ ಬರೆದಿದ್ದರು. ಆಗ ಬಿಡಿಸಲು ಕಂಪ್ಯೂಟರ್ ಇರಲಿಲ್ಲ, ಹಾಗಾಗಿ ಯಾರೂ ಹೆಚ್ಚು ಗಮನಿಸಲಿಲ್ಲ. 1956ರಲ್ಲಿ ವಿಮಾನದ ರೆಕ್ಕೆಯ ಲೆಕ್ಕಕ್ಕೆ ಇದೇ ದಾರಿ ಬಂತು. 1960ರಲ್ಲಿ ಅಮೆರಿಕದ ಎಂಜಿನಿಯರ್ ರೇ ಕ್ಲೌ ಇದಕ್ಕೆ ಈಗಿನ ಹೆಸರಿಟ್ಟರು. ಆಮೇಲೆ ಸಿವಿಲ್ ಕೆಲಸದಲ್ಲಿ ಇದನ್ನು ಮೊದಮೊದಲು ಬಳಸಿದ್ದು ಎಲ್ಲಿ ಗೊತ್ತಾ? ಒಂದು ಅಣೆಕಟ್ಟಿನಲ್ಲೇ. ಅಮೆರಿಕದ ಅರ್ಕಾನ್ಸಾಸ್‌ನಲ್ಲಿರುವ ನಾರ್ಫೋರ್ಕ್ ಅಣೆಕಟ್ಟಿನಲ್ಲಿ ಲಂಬವಾಗಿ ಒಂದು ಬಿರುಕು ಬಿಟ್ಟಿತ್ತು. ನೀರು ಏರಿಳಿದಾಗ, ಬಿಸಿ ಬದಲಾದಾಗ ಆ ಬಿರುಕಿನ ಸುತ್ತ ಏನಾಗುತ್ತದೆ ಅನ್ನುವುದನ್ನು ಕ್ಲೌ ಮತ್ತು ಎಡ್ವರ್ಡ್ ವಿಲ್ಸನ್ 1960ರ ದಶಕದ ಆರಂಭದಲ್ಲಿ ಲೆಕ್ಕ ಹಾಕಿದರು.

ಗಡಿಯಾರವನ್ನೂ ಕತ್ತರಿಸಬೇಕು

ಜಾಗವನ್ನು ತುಂಡು ಮಾಡಿದ್ದಾಯಿತು. ಕಾಲ ಹರಿಯುತ್ತಲೇ ಇರುತ್ತದೆ, ಕಂಪ್ಯೂಟರಿಗೆ ಅದು ಅರ್ಥವಾಗುವುದಿಲ್ಲ. ಹಾಗಾಗಿ ಕಾಲವನ್ನೂ ತುಂಡು ಮಾಡುತ್ತಾರೆ. ಈ ಗಳಿಗೆಯ ಸ್ಥಿತಿ ಗೊತ್ತಿದ್ದರೆ ಮುಂದಿನ ಗಳಿಗೆಯದನ್ನು ಲೆಕ್ಕ ಹಾಕು, ಅದರಿಂದ ಅದರ ಮುಂದಿನದು. ಒಂದೊಂದು ತುಂಡು ಕಾಲಕ್ಕೂ ಟೈಮ್ ಸ್ಟೆಪ್ ಅನ್ನುತ್ತಾರೆ.

ಒಂದು ಲೆಕ್ಕವನ್ನು ನಾವೇ ಮಾಡಿ ನೋಡೋಣ, ಕ್ಯಾಲ್ಕುಲೇಟರ್ ಸಾಕು. ದಪ್ಪ ಕಲ್ಲಿನ ಗೋಡೆ, ಒಳಗೆಲ್ಲ 30 ಡಿಗ್ರಿ ಇದೆ. ಬಿಸಿಲಿಗೆ ಅದರ ಮೈ 50 ಡಿಗ್ರಿಗೆ ಏರಿ ಅಲ್ಲೇ ನಿಂತಿದೆ ಅನ್ನಿ. ಒಳಗೆ 10 ಸೆಂ.ಮೀ., 20 ಸೆಂ.ಮೀ., 30 ಸೆಂ.ಮೀ. ಆಳದಲ್ಲಿ ಮೂರು ನೋಡ್ ಇಡೋಣ. ಕಲ್ಲಿನಲ್ಲಿ ಬಿಸಿ ಹರಡುವ ವೇಗ ಗೊತ್ತಿದೆ. ಅದನ್ನು ಹಾಕಿದರೆ ಒಂದು ಗಂಟೆಯ ಸ್ಟೆಪ್‌ಗೆ ನಿಯಮ ಹೀಗಾಗುತ್ತದೆ: ಎಡದ ಮತ್ತು ಬಲದ ನೋಡ್‌ಗಳ ಬಿಸಿ ಕೂಡಿಸಿ, ಅದರಿಂದ ತನ್ನ ಬಿಸಿಯ ಎರಡರಷ್ಟು ಕಳೆಯಿರಿ, ಉಳಿದದ್ದನ್ನು 0.36ರಿಂದ ಗುಣಿಸಿ ತನ್ನ ಬಿಸಿಗೆ ಸೇರಿಸಿ.

ಮೊದಲ ಗಂಟೆ: 10 ಸೆಂ.ಮೀ. ಒಳಗಿನ ನೋಡ್‌ಗೆ ಒಂದು ಕಡೆ 50, ಇನ್ನೊಂದು ಕಡೆ 30. ಕೂಡಿದರೆ 80. ಅದರಿಂದ 60 ಕಳೆದರೆ 20. ಅದರ 0.36 ಪಾಲು 7.2. ಹಾಗಾಗಿ 30 ಇದ್ದದ್ದು 37.2 ಆಯಿತು. 20 ಸೆಂ.ಮೀ. ಒಳಗಿನ ನೋಡ್‌ಗೆ ಸುದ್ದಿ ಇನ್ನೂ ಮುಟ್ಟಿಲ್ಲ, ಅದು 30ರಲ್ಲೇ ಇದೆ. ಎರಡನೇ ಗಂಟೆ: ಮೊದಲನೆಯದು 39.2, ಎರಡನೆಯದು 32.6. ಮೂರನೇ ಗಂಟೆ: 40.7, 34.0, ಮತ್ತು 30 ಸೆಂ.ಮೀ. ಒಳಗಿನದು ಮೊದಲ ಸಲ ಅಲುಗಾಡಿ 30.9. ಬಿಸಿ ಒಳಕ್ಕೆ ನಡೆಯುತ್ತಾ ಹೋಗುವುದು ಅಂಕಿಯಲ್ಲೇ ಕಾಣುತ್ತದೆ.

ಈಗ ಅವಸರ ಮಾಡೋಣ. ಒಂದೊಂದು ಗಂಟೆ ಯಾಕೆ, ಮೂರು ಗಂಟೆಯ ಒಂದೇ ಸ್ಟೆಪ್ ಹಾಕೋಣ. ಆಗ 0.36 ಇದ್ದದ್ದು 1.08 ಆಗುತ್ತದೆ. ಮೊದಲ ನೋಡ್: 30ಕ್ಕೆ 21.6 ಸೇರಿ 51.6 ಡಿಗ್ರಿ. ಹೊರಗೆ 50 ಇರುವಾಗ ಒಳಗೆ 51.6! ಇನ್ನೊಂದು ಸ್ಟೆಪ್ ಮುಂದೆ ಹೋದರೆ ಅದೇ ನೋಡ್ 26.5ಕ್ಕೆ ಬೀಳುತ್ತದೆ. ಬಿಸಿಲಲ್ಲಿ ನಿಂತ ಕಲ್ಲು ಮೊದಲಿಗಿಂತ ತಣ್ಣಗಾಯಿತು ಅಂತ ಕಂಪ್ಯೂಟರ್ ಗಂಭೀರವಾಗಿ ಹೇಳುತ್ತದೆ. ಎರಡನೇ ನೋಡ್ 53.3. ಮುಂದಕ್ಕೆ ಹೋದಷ್ಟೂ ಅಂಕಿಗಳು ಹುಚ್ಚು ಕುಣಿಯುತ್ತವೆ.

ಕಲ್ಲಿನ ಗುಣ ಬದಲಾಗಿಲ್ಲ, ಸೂತ್ರ ಬದಲಾಗಿಲ್ಲ. ಸ್ಟೆಪ್ ಮಾತ್ರ ಉದ್ದವಾಯಿತು. ಈ ಗೋಡೆಗೆ, 10 ಸೆಂ.ಮೀ. ತುಂಡಿಗೆ, ಮಿತಿ ಸುಮಾರು 83 ನಿಮಿಷ. ಇನ್ನೂ ನಿಖರ ಬೇಕು ಅಂತ ತುಂಡನ್ನು 1 ಸೆಂ.ಮೀ.ಗೆ ಇಳಿಸಿದರೆ ಮಿತಿ 50 ಸೆಕೆಂಡಿಗೆ ಬೀಳುತ್ತದೆ. ತುಂಡು ಹತ್ತು ಪಟ್ಟು ಸಣ್ಣದಾದರೆ ಸ್ಟೆಪ್ ನೂರು ಪಟ್ಟು ಸಣ್ಣದಾಗಬೇಕು. ಮೆಶ್ ಸಣ್ಣ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡವರಿಗೆ ಇಲ್ಲೇ ಬಿಲ್ ಬರುತ್ತದೆ.

ಈ ಮಿತಿ ಇಲ್ಲದ ದಾರಿಯೂ ಇದೆ. ಪ್ರತಿ ಸ್ಟೆಪ್‌ನಲ್ಲೂ ಎಲ್ಲ ನೋಡ್‌ಗಳ ಮುಂದಿನ ಸ್ಥಿತಿಯನ್ನು ಒಟ್ಟಿಗೇ, ಒಂದೇ ಏಟಿಗೆ ಬಿಡಿಸುವುದು. ಕಂಪನದ ಲೆಕ್ಕಕ್ಕೆ ಇಂಥ ವಿಧಾನವನ್ನು ನೇಥನ್ ನ್ಯೂಮಾರ್ಕ್ 1959ರಲ್ಲಿ ಕೊಟ್ಟರು, ಇವತ್ತಿಗೂ ಅದೇ ನಡೆಯುತ್ತಿದೆ. ಒಂದೊಂದು ಸ್ಟೆಪ್‌ಗೆ ಕೆಲಸ ಜಾಸ್ತಿ, ಆದರೆ ಸ್ಟೆಪ್ ಉದ್ದ ಇಡಬಹುದು. ಅಂಕಿಗಳು ಹುಚ್ಚು ಕುಣಿಯುವುದಿಲ್ಲ. ಹಾಗಂತ ಮನಬಂದಂತೆ ಉದ್ದ ಮಾಡಿದರೆ ನಡುವೆ ಆದದ್ದೇ ಕಾಣದೆ ಹೋಗುತ್ತದೆ.

ಏಪ್ರಿಲ್ ಬಿಸಿಲು ಜೂನ್‌ನಲ್ಲಿ

ಮೇಲಿನ ಗೋಡೆಯ ಲೆಕ್ಕವನ್ನೇ ಅಣೆಕಟ್ಟಿಗೆ ಹಿಗ್ಗಿಸಿ ನೋಡಿದರೆ ಒಂದು ಸ್ವಾರಸ್ಯದ ಸಂಗತಿ ಸಿಗುತ್ತದೆ. ನನಗೆ ಈ ವಿಷಯದಲ್ಲೆಲ್ಲ ತುಂಬ ಇಷ್ಟವಾದದ್ದೂ ಇದೇ.

ನೀರಿಲ್ಲದ ಕಡೆಯ ಮೈ ಮೇಲೆ ಹಗಲು ರಾತ್ರಿ ನಡುವೆ 20 ಡಿಗ್ರಿ ಏರಿಳಿತ ಇದೆ ಅನ್ನಿ. ಅರ್ಧ ಮೀಟರ್ ಒಳಗೆ ಹೋಗುವಷ್ಟರಲ್ಲಿ ಅದು ಬರೀ ಒಂದು ಡಿಗ್ರಿಯಾಗುತ್ತದೆ. ಹಗಲು ರಾತ್ರಿಯ ಆಟವೆಲ್ಲ ಮೇಲ್ಮೈಯಲ್ಲೇ ಮುಗಿಯಿತು. ವರ್ಷದ ಬೇಸಿಗೆ, ಚಳಿಗಾಲ ನಿಧಾನಕ್ಕೆ ಬರುವುದರಿಂದ ಅವಕ್ಕೆ ಒಳಗೆ ನುಗ್ಗಲು ಪುರಸೊತ್ತಿದೆ. ಮೂರು ಮೀಟರ್ ಒಳಗೂ ಅವುಗಳ ಏರಿಳಿತ ಐದರಲ್ಲಿ ಎರಡು ಪಾಲು ಉಳಿದಿರುತ್ತದೆ. ಆದರೆ ಸುಮಾರು ಎರಡು ತಿಂಗಳು ತಡ. ಚಿತ್ರದುರ್ಗದಲ್ಲಿ ಏಪ್ರಿಲ್‌ನ ಕೆಂಡದಂಥ ಬಿಸಿಲು ಕಲ್ಲಿನ ಮೂರು ಮೀಟರ್ ಒಳಗೆ ಮುಟ್ಟುವುದು ಜೂನ್‌ನಲ್ಲಿ. ಆರು ಮೀಟರ್ ಒಳಗೆ ಮುಟ್ಟುವಾಗ ಆಗಸ್ಟ್ ಬಂದಿರುತ್ತದೆ, ತೀರಾ ಬಲಹೀನವಾಗಿ. ಬುಡದ ನಡುಮಧ್ಯಕ್ಕೆ ಬೇಸಿಗೆ ಅನ್ನೋದು ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ.

ಇದರಿಂದ ಏನಾಗುತ್ತದೆ? ಮಳೆ ಬಂದು ಹೊರಮೈ ತಣ್ಣಗಾಗಿ ಕುಗ್ಗಲು ಹೊರಟಾಗ ಒಳಗಿನ ಕಲ್ಲು ಬೇಸಿಗೆಯ ಬಿಸಿಗೆ ಇನ್ನೂ ಹಿಗ್ಗುತ್ತಿರುತ್ತದೆ. ಒಳಗಿನದು ಬಿಡುವುದಿಲ್ಲ, ಹೊರಗಿನದು ಎಳೆತಕ್ಕೆ ಸಿಗುತ್ತದೆ. ಕಲ್ಲು ಗಾರೆ ಜೋರಾಗಿ ಒತ್ತಿದರೂ ತಡೆಯುತ್ತದೆ, ಎಳೆದರೆ ತಡೆಯುವುದು ಕಡಿಮೆ. ಬಿರುಕು ಬಿಡುವುದು ಹೀಗೆ. ಇನ್ನು ಉದ್ದದ ಲೆಕ್ಕ ನೋಡಿ. ಕಟ್ಟೆ ಸುಮಾರು 400 ಮೀಟರ್ ಉದ್ದ. ಇಷ್ಟುದ್ದದ ಕಲ್ಲು 10 ಡಿಗ್ರಿ ಬಿಸಿಯಾದರೆ ಮೂರೂವರೆ ಸೆಂ.ಮೀ.ಯಷ್ಟು ಹಿಗ್ಗಬೇಕು. ಎರಡೂ ಕಡೆ ಗುಡ್ಡ ಹಿಡಿದುಕೊಂಡಿದೆ, ಎಲ್ಲಿಗೆ ಹಿಗ್ಗೀತು? ಆ ಬಲವೆಲ್ಲ ಒಳಗೇ ಒತ್ತಡವಾಗಿ ಕೂರುತ್ತದೆ. ಯಾವ ತಿಂಗಳು ಎಲ್ಲಿ ಎಷ್ಟು ಅಂತ ಕೈಲೆಕ್ಕದಲ್ಲಿ ಸಿಗುವುದಿಲ್ಲ, ಮೆಶ್ ಮತ್ತು ಟೈಮ್ ಸ್ಟೆಪ್ ಎರಡೂ ಬೇಕು.

ನೀರು ಇಳಿಯುವಾಗಿನ ಅಪಾಯ

ಕೆರೆ ತುಂಬಿದಾಗ ಏರಿ ಒಡೆಯುವ ಭಯ ಎಲ್ಲರಿಗೂ ಇದೆ. ಇಳಿಯುವಾಗಿನ ಭಯ ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಮಣ್ಣಿನ ಏರಿ ಇರುವ ಕೆರೆ. ಇಂಥ ಏರಿಯ ಒಳಗೆ ನೀರು ತಿಂಗಳುಗಟ್ಟಲೆ ಇಂಗಿ ಮಣ್ಣು ತೊಯ್ದಿರುತ್ತದೆ. ಕೆರೆಯಲ್ಲಿ ನೀರಿರುವ ತನಕ ಆ ನೀರೇ ಏರಿಯ ಒಳಮೈಗೆ ಒತ್ತಿ ಆಸರೆಯಾಗಿರುತ್ತದೆ. ಅಕಸ್ಮಾತ್ ನೀರು ಬೇಗ ಖಾಲಿಯಾದರೆ ಹೊರಗಿನ ಆಸರೆ ಹೋಯಿತು, ಒಳಗಿನ ನೀರು ಮಾತ್ರ ಅಷ್ಟೇ ಬೇಗ ಹೊರಬರಲಾರದು. ಜೇಡಿಮಣ್ಣಾದರಂತೂ ಬಸಿಯಲು ತಿಂಗಳುಗಳೇ ಬೇಕು. ಭಾರವಾದ ಒದ್ದೆ ಮಣ್ಣು ಒಳಮುಖವಾಗಿ ಜಾರುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಅಣೆಕಟ್ಟಿನಲ್ಲಿ 1981ರಲ್ಲಿ ಆದದ್ದು ಇದೇ. ಸುಮಾರು 120 ದಿನಗಳಲ್ಲಿ ನೀರನ್ನು 180 ಅಡಿಯಷ್ಟು ಇಳಿಸಿದ ಮೇಲೆ ನೀರಿನ ಕಡೆಯ ಇಳಿಜಾರು ಜಾರಿತು.

ಇಂಥ ಏರಿಗೆ ಎಂಜಿನಿಯರುಗಳು ಕೊಡುವ ಉತ್ತರವೂ ಕಾಲದ ಲೆಕ್ಕದಲ್ಲೇ ಇರುತ್ತದೆ: ದಿನಕ್ಕೆ ಇಷ್ಟಕ್ಕಿಂತ ಬೇಗ ನೀರು ಇಳಿಸಬೇಡಿ. ಆ ಅಂಕಿ ಬರುವುದು ಎರಡು ಲೆಕ್ಕ ಜೋಡಿಸಿದಾಗ. ಒಂದು ಲೆಕ್ಕ ಮಣ್ಣಿನೊಳಗೆ ನೀರು ಬಸಿಯುವುದರದು, ಇನ್ನೊಂದು ಮಣ್ಣು ಜಾರುವುದರದು. ಪ್ರತಿ ಸ್ಟೆಪ್‌ನಲ್ಲೂ ಮೊದಲನೆಯದು ಎರಡನೆಯದಕ್ಕೆ ಅಂಕಿ ಕೊಡುತ್ತದೆ.

ಮಾರಿಕಣಿವೆ ಕಲ್ಲಿನದು, ಹೀಗೆ ಜಾರುವುದಿಲ್ಲ. ಅಲ್ಲಿ ನೋಡಬೇಕಾದ್ದು ಕಟ್ಟೆಯ ಅಡಿಗೆ ನುಸುಳಿ ಮೇಲಕ್ಕೆ ಎತ್ತುವ ನೀರಿನ ಒತ್ತಡ. ತೂಕದಿಂದಲೇ ನಿಂತ ಕಟ್ಟೆಯ ತೂಕವನ್ನೇ ಅದು ಕಡಿಮೆ ಮಾಡಿದ ಹಾಗೆ. ಭದ್ರಾ ಮೇಲ್ದಂಡೆ ಯೋಜನೆಯಿಂದ ಈಗ ಭದ್ರೆಯ ನೀರೂ ಈ ಕಟ್ಟೆ ನಿಂತಿರುವ ವೇದಾವತಿ ಹೊಳೆಗೆ ಬಂದು ಸೇರುತ್ತದೆ. ದಶಕಗಳ ಕಾಲ ಕೋಡಿ ಮುಟ್ಟದಿದ್ದ ನೀರು ಈಗ ಪದೇ ಪದೇ ಮೇಲೇರುತ್ತಿದೆ. ಮೇಲಿನ ಕಲ್ಲುಗಳು ಬಹುಕಾಲದ ಮೇಲೆ ತೊಯ್ದಿವೆ. ಹಳೆಯ ನೀರಿನ ಮಟ್ಟಕ್ಕೆ ಹಾಕಿದ ಲೆಕ್ಕವನ್ನು ಮತ್ತೆ ಹಾಕಬೇಕಾದ್ದು ಅದಕ್ಕೇ.

ಕೊಯ್ನಾದ ಕೆಲವು ಸೆಕೆಂಡು

ಇಲ್ಲಿ ಗಡಿಯಾರ ತಿಂಗಳಿನಿಂದ ಸೆಕೆಂಡಿಗೆ ಇಳಿಯುತ್ತದೆ.

1967ರ ಡಿಸೆಂಬರ್ 11ರ ಬೆಳಗಿನ ಜಾವ ಮಹಾರಾಷ್ಟ್ರದ ಕೊಯ್ನಾದಲ್ಲಿ 6ಕ್ಕೂ ಹೆಚ್ಚು ತೀವ್ರತೆಯ ಭೂಕಂಪವಾಯಿತು. ಅಲ್ಲಿ 103 ಮೀಟರ್ ಎತ್ತರದ ಕಾಂಕ್ರೀಟ್ ಅಣೆಕಟ್ಟು ಇದೆ. ಅದನ್ನು ಕಟ್ಟುವಾಗ ಭೂಕಂಪದ ಬಲ ಅಂತ ತೂಕದ ನೂರಕ್ಕೆ 5ರಷ್ಟನ್ನು ಪಕ್ಕಕ್ಕೆ ತಳ್ಳುವ ಬಲವಾಗಿ ಲೆಕ್ಕಕ್ಕೆ ಹಿಡಿದಿದ್ದರು. ನಿಂತ ಬಲ, ಅಲುಗಾಟ ಇಲ್ಲ. ಆ ಲೆಕ್ಕದ ಪ್ರಕಾರ ಕಟ್ಟೆ ಸುರಕ್ಷಿತ. ಆದರೆ ಅಂದು ನಡುಗಿದ ಮೇಲೆ ನೋಡಿದರೆ, ಹಿಂಬದಿಯ ಇಳಿಜಾರು ಬದಲಾಗುವ ಎತ್ತರದಲ್ಲಿ ಅಡ್ಡಡ್ಡ ಬಿರುಕು. ಅದೂ ಎರಡೂ ಮೈಯಲ್ಲಿ.

ಬುಡ ಗಟ್ಟಿಯಾಗಿದ್ದು ಮೇಲೆ ಯಾಕೆ ಬಿರುಕು? ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಅನಿಲ್ ಚೋಪ್ರಾ ಮತ್ತು ಜೊತೆಗಾರರು ಎಫ್‌ಇಎಂ ಹಿಡಿದು ಭೂಕಂಪದ ದಾಖಲೆಯನ್ನೇ ಸ್ಟೆಪ್ ಸ್ಟೆಪ್ಪಾಗಿ ಕಟ್ಟೆಗೆ ಉಣಿಸಿದರು. ಕಟ್ಟೆಗೆ ತನ್ನದೇ ಒಂದು ಲಯ ಇರುತ್ತದೆ. ಕೊಯ್ನಾದ್ದು ಸೆಕೆಂಡಿಗೆ ಸುಮಾರು ಮೂರು ಸಲ. ನೆಲ ಆ ಲಯಕ್ಕೆ ಹತ್ತಿರವಾಗಿ ನಡುಗಿದಾಗ ಮೇಲ್ಭಾಗ ನೆಲಕ್ಕಿಂತ ಎಷ್ಟೋ ಜೋರಾಗಿ ಬೀಸಿತು. ಸಣ್ಣಗಿನ ಕುತ್ತಿಗೆ ಆ ಎಳೆತ ತಡೆಯಲಿಲ್ಲ. ಬಿರುಕು ಬಿಟ್ಟ ಜಾಗದಲ್ಲೇ ಲೆಕ್ಕದಲ್ಲೂ ಎಳೆತ ಅತಿ ಹೆಚ್ಚು ಬಂತು. ಕಟ್ಟೆ ಒಡೆಯಲಿಲ್ಲ, ಆಮೇಲೆ ಅದನ್ನು ಗಟ್ಟಿ ಮಾಡಿದರು. ಇವತ್ತಿಗೂ ಜಗತ್ತಿನಲ್ಲಿ ಯಾರಾದರೂ ಅಣೆಕಟ್ಟಿನ ಹೊಸ ಸಾಫ್ಟ್‌ವೇರ್ ಬರೆದರೆ ಪರೀಕ್ಷೆಗೆ ಮೊದಲು ಕೊಡುವ ಲೆಕ್ಕಗಳಲ್ಲಿ ಕೊಯ್ನಾ ಒಂದು.

ಈ ಲೆಕ್ಕಕ್ಕೆ ಮೂರು ಸಂಗತಿ ಬೇಕು. ಎಷ್ಟು ಭಾರ, ಎಷ್ಟು ಬಿಗಿ, ಅಲುಗಾಟ ಎಷ್ಟು ಬೇಗ ಅಡಗುತ್ತದೆ. ಭಾರ ಅಂದರೆ ಕಲ್ಲಿನದಷ್ಟೇ ಅಲ್ಲ. ಕಟ್ಟೆ ಅಲುಗಿದಾಗ ಮುಂದಿನ ನೀರೂ ಜೊತೆಗೆ ಅಲುಗುತ್ತದೆ. ಆ ನೀರಿನ ಭಾರವನ್ನೂ ಸೇರಿಸಬೇಕು ಅಂತ ವೆಸ್ಟರ್‌ಗಾರ್ಡ್ ಅನ್ನುವವರು ತೋರಿಸಿದ್ದು 1933ರಲ್ಲಿ, ಹೂವರ್ ಅಣೆಕಟ್ಟಿನ ಕಾಲದಲ್ಲಿ. ಮಾರಿಕಣಿವೆ ಮೊದಲ ಸಲ ಕೋಡಿ ಬಿದ್ದದ್ದೂ ಅದೇ ವರ್ಷ, ಸುಮ್ನೆ ಕಾಕತಾಳೀಯ.

ಬಾಂಡ್ಲಿ ದಾಟಿಸುವ ಸಾಲಿಗೆ ಇಲ್ಲಿ ಇನ್ನೊಂದು ಕೆಲಸ ಇದೆ. ಒಬ್ಬ ಆಳಿನಿಂದ ಪಕ್ಕದವನಿಗೆ ಬಾಂಡ್ಲಿ ದಾಟಲು ಇಷ್ಟು ಹೊತ್ತು ಅಂತ ಇದೆ. ಅಷ್ಟರೊಳಗೆ ಅದು ಮೂರನೆಯವನ ಕೈಯಲ್ಲಿರಲು ಸಾಧ್ಯವಿಲ್ಲ. ಕಾಂಕ್ರೀಟಿನಲ್ಲಿ ಅಲುಗಾಟ ಸೆಕೆಂಡಿಗೆ ಸುಮಾರು 4,000 ಮೀಟರ್ ಓಡುತ್ತದೆ. ತುಂಡು ಒಂದು ಮೀಟರಿನದಾದರೆ ದಾಟಲು ಸೆಕೆಂಡಿನ 4,000ದಲ್ಲಿ ಒಂದು ಪಾಲು ಸಾಕು. ಪಕ್ಕದವರನ್ನಷ್ಟೇ ನೋಡಿ ಲೆಕ್ಕ ಹಾಕುವ ವಿಧಾನದಲ್ಲಿ ಟೈಮ್ ಸ್ಟೆಪ್ ಇದಕ್ಕಿಂತ ಉದ್ದ ಇರುವಂತಿಲ್ಲ. ಹತ್ತು ಸೆಕೆಂಡಿನ ಭೂಕಂಪಕ್ಕೆ 40,000 ಸ್ಟೆಪ್.

ಚಿತ್ರದುರ್ಗದವರು ಹೆದರಬೇಕಿಲ್ಲ. ಭೂಕಂಪ ತಡೆಯುವಂತೆ ಕಟ್ಟಲು ನಮ್ಮ ದೇಶದ ಮಾನದಂಡ ಐಎಸ್ 1893; ಅದರ 2016ರ ಆವೃತ್ತಿಯ ನಕ್ಷೆಯಲ್ಲಿ ಚಿತ್ರದುರ್ಗ ಇರುವುದು ವಲಯ 2ರಲ್ಲಿ. ಆ ನಕ್ಷೆಯ ಪ್ರಕಾರ ದೇಶದಲ್ಲಿ ಭೂಕಂಪದ ಅಪಾಯ ಅತಿ ಕಡಿಮೆ ಇರುವ ವಲಯ ಅದು. ಹಾಗಂತ ಲೆಕ್ಕ ಬಿಡುವಂತಿಲ್ಲ, ಅಷ್ಟೇ.

ಗುಡ್ಡದ ಮೇಲಿನ ಫ್ಯಾನು, ಚಳ್ಳಕೆರೆಯ ರನ್‌ವೇ

ಇದೇ ಲೆಕ್ಕ ನಮ್ಮ ಸುತ್ತ ಬೇರೆ ಕಡೆಯೂ ಇದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ ನಿಮಿಷಕ್ಕೆ 15 ಸುತ್ತು ತಿರುಗುತ್ತದೆ ಅನ್ನಿ. ನಿಲ್ಲದೆ ತಿರುಗಿದರೆ ವರ್ಷಕ್ಕೆ ಸುಮಾರು 79 ಲಕ್ಷ ಸುತ್ತು. ಪ್ರತಿ ಸುತ್ತಿನಲ್ಲೂ ಮೂರು ರೆಕ್ಕೆ ಕಂಬದ ಮುಂದೆ ಹಾದುಹೋಗುತ್ತವೆ, ಕಂಬಕ್ಕೆ ಮೂರು ಸಣ್ಣ ತಳ್ಳು. ಕಂಬದ ಲಯ ಈ ತಳ್ಳಿನ ಲಯಕ್ಕೆ ಹೊಂದದಂತೆ ನೋಡಿಕೊಳ್ಳಬೇಕು. ಒಂದು ತಳ್ಳು ಏನೂ ಮಾಡದು. ಕೋಟಿಗಟ್ಟಲೆ ತಳ್ಳಾದ ಮೇಲೆ ವೆಲ್ಡಿಂಗ್ ಜಾಗದಲ್ಲಿ ಕೂದಲೆಳೆ ಬಿರುಕು ಶುರುವಾಗಬಹುದು.

ಚಳ್ಳಕೆರೆ ಹತ್ತಿರದ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಇಸ್ರೋದ ರೆಕ್ಕೆಯ ವಾಹನ (ಮತ್ತೆ ಮತ್ತೆ ಬಳಸಬಹುದಾದ ಉಡಾವಣಾ ವಾಹನದ ಪರೀಕ್ಷಾ ಮಾದರಿ) ಮೂರು ಸಲ ಇಳಿದಿದೆ: 2023ರ ಏಪ್ರಿಲ್, 2024ರ ಮಾರ್ಚ್ ಮತ್ತು ಜೂನ್. ಮೂರನೇ ಸಲ ನೆಲ ಮುಟ್ಟಿದಾಗಿನ ವೇಗ ಗಂಟೆಗೆ 320 ಕಿ.ಮೀ.ಗಿಂತ ಹೆಚ್ಚು. ಪ್ರಯಾಣಿಕರ ವಿಮಾನದ್ದು ಸುಮಾರು 260. ಚಕ್ರ ನೆಲಕ್ಕೆ ತಾಗಿದ ಏಟು ಕಾಲಿನಿಂದ ಮೈಗೆ ಏರುವುದು ಕಣ್ಣು ಮಿಟುಕಿಸುವಷ್ಟರೊಳಗೆ. ಅದನ್ನು ಹಿಡಿಯಲು ಟೈಮ್ ಸ್ಟೆಪ್ ಇನ್ನೂ ಸಣ್ಣದು ಬೇಕು.

ಬಣ್ಣದ ಚಿತ್ರ ಬಂದರೆ ಸಾಕಾ?

ಲೆಕ್ಕ ಮುಗಿದ ಮೇಲೆ ಸಾಫ್ಟ್‌ವೇರ್ ಒಂದು ಚಿತ್ರ ಕೊಡುತ್ತದೆ. ಎಳೆತ ಜಾಸ್ತಿ ಇರುವ ಕಡೆ ಕೆಂಪು, ಕಡಿಮೆ ಇರುವ ಕಡೆ ನೀಲಿ. ನೋಡಲು ಚೆಂದ. ತಪ್ಪು ಲೆಕ್ಕವೂ ಇಷ್ಟೇ ಚೆಂದದ ಚಿತ್ರ ಕೊಡುತ್ತದೆ ಅನ್ನುವುದೇ ತೊಂದರೆ.

1991ರ ಆಗಸ್ಟ್ 23ರಂದು ನಾರ್ವೆಯಲ್ಲಿ ಸ್ಲೈಪ್ನರ್ ಎ ಅನ್ನುವ, ಸಮುದ್ರದಡಿಯ ತೈಲ, ಅನಿಲ ತೆಗೆಯುವ ವೇದಿಕೆಯ ಕಾಂಕ್ರೀಟ್ ಬುಡವನ್ನು ಪರೀಕ್ಷೆಗಾಗಿ ನೀರಿಗೆ ಇಳಿಸುತ್ತಿದ್ದರು. ಗೋಡೆ ಒಡೆದು ಇಡೀ ಬುಡ ಮುಳುಗಿತು. ಆಮೇಲೆ ಹುಡುಕಿದರೆ, ಎಫ್‌ಇಎಂ ಲೆಕ್ಕದಲ್ಲಿ ಗೋಡೆಗಳು ಕೂಡುವ ಜಾಗದ ಮೆಶ್ ಸರಿಯಿರಲಿಲ್ಲ. ಅಲ್ಲಿನ ಕತ್ತರಿಸುವ ಬಲವನ್ನು ಅದು ನೂರಕ್ಕೆ 47ರಷ್ಟು ಕಡಿಮೆ ತೋರಿಸಿತ್ತು. ಕಬ್ಬಿಣವನ್ನೂ ಅದಕ್ಕೆ ತಕ್ಕಂತೆ ಕಡಿಮೆ ಹಾಕಿದ್ದರು. ಸರಿಯಾದ ಮೆಶ್ ಹಾಕಿ ಮತ್ತೆ ಲೆಕ್ಕ ಮಾಡಿದಾಗ 62 ಮೀಟರ್ ಆಳದಲ್ಲಿ ಒಡೆಯುತ್ತದೆ ಅಂತ ಬಂತು. ನಿಜವಾಗಿ ಒಡೆದದ್ದು 65 ಮೀಟರಿನಲ್ಲಿ.

ಹಾಗಾಗಿ ಅನುಭವಸ್ಥರು ಒಂದೇ ಲೆಕ್ಕವನ್ನು ನಂಬುವುದಿಲ್ಲ. ಮೆಶ್ ಅರ್ಧ ಮಾಡಿ ಮತ್ತೊಮ್ಮೆ ಓಡಿಸುತ್ತಾರೆ, ಸ್ಟೆಪ್ ಅರ್ಧ ಮಾಡಿ ಇನ್ನೊಮ್ಮೆ. ಉತ್ತರ ಬದಲಾಗದಿದ್ದರೆ ಲೆಕ್ಕ ಹದಕ್ಕೆ ಬಂದಿದೆ ಅಂತ. ಬದಲಾಗುತ್ತಲೇ ಇದ್ದರೆ ಇನ್ನೂ ಸಣ್ಣ ಮಾಡಬೇಕು.

ಹಳೆಯ ಕಟ್ಟೆಗೆ ಇನ್ನೊಂದು ತಾಪತ್ರಯ ಇದೆ. ನೂರು ವರ್ಷ ದಾಟಿದ ಗಾರೆ ಈಗ ಎಷ್ಟು ಗಟ್ಟಿ ಅಂತ ಯಾವ ಪುಸ್ತಕದಲ್ಲೂ ಇಲ್ಲ. ಕಟ್ಟೆಯಲ್ಲೇ ರಂಧ್ರ ಕೊರೆದು, ಕಂಬದಂಥ ತುಂಡು ತೆಗೆದು, ಲ್ಯಾಬಿನಲ್ಲಿ ಒತ್ತಿ ನೋಡಬೇಕು. ಅಷ್ಟು ಮಾಡಿದರೂ ಒಂದು ಕಡೆಯ ಗಾರೆ ಇದ್ದಂತೆ ಇನ್ನೊಂದು ಕಡೆಯದು ಇರುವುದಿಲ್ಲ. ಅದಕ್ಕೆ ಗಟ್ಟಿತನವನ್ನು ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಹಿಡಿದು ಹಲವು ಸಲ ಲೆಕ್ಕ ಓಡಿಸುತ್ತಾರೆ. ಕಟ್ಟೆಯೊಳಗೆ ನೀರಿನ ಒತ್ತಡ ಅಳೆಯುವ ಪೀಜೋಮೀಟರ್, ಬಿಸಿ ಅಳೆಯುವ ಥರ್ಮಾಮೀಟರ್ ಇದ್ದರೆ ಅವುಗಳ ದಾಖಲೆಯನ್ನು ಲೆಕ್ಕದ ಪಕ್ಕ ಇಟ್ಟು ನೋಡುತ್ತಾರೆ. ಕಳೆದ ಬೇಸಿಗೆಯಲ್ಲಿ ಏನಾಯಿತು ಅನ್ನುವುದನ್ನೇ ಸರಿಯಾಗಿ ಹೇಳದ ಮಾಡೆಲ್ ಮುಂದಿನ ಭೂಕಂಪದ ಬಗ್ಗೆ ಏನು ಹೇಳೀತು?

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದ ಮೇಲೆ ಇದು ಕಾನೂನಿನ ಮಾತೂ ಆಗಿದೆ. 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆಲ್ಲ ಆ ಕಾಯ್ದೆ ಅನ್ವಯಿಸುತ್ತದೆ. ಮಾಲೀಕರು ಅಳತೆಯ ಉಪಕರಣ ಇಡಬೇಕು, ಸ್ವತಂತ್ರ ತಜ್ಞರಿಂದ ಪೂರ್ತಿ ಸುರಕ್ಷತಾ ಪರಿಶೀಲನೆ ಮಾಡಿಸಬೇಕು. 30 ಮೀಟರ್ ಮತ್ತು ಅದಕ್ಕೂ ಎತ್ತರದವಕ್ಕೆ ಭೂಕಂಪ ದಾಖಲಿಸುವ ಕೇಂದ್ರವೂ ಬೇಕು. ಮಾರಿಕಣಿವೆ ಈ ಎತ್ತರ ದಾಟಿದ್ದು. ಅಂಥ ಕೇಂದ್ರ ಬರೆದಿಟ್ಟ ಸಣ್ಣಪುಟ್ಟ ನಡುಕದ ಗೆರೆಗಳನ್ನೇ ಮಾಡೆಲ್‌ಗೆ ಉಣಿಸಿ, ಕಟ್ಟೆಯ ನಿಜವಾದ ಲಯ ಎಷ್ಟು ಅಂತ ತಾಳೆ ನೋಡಬಹುದು.